ಅತ್ತೆಯ ಹೊಲ ಕೆರೆಯಾದದ್ದು

"ಇವ್ಳು ಡಿಗ್ರಿ ಮಾಡಿದ್ಳು ಬಿಡು! ನಮ್ ವಂಶದಾಗೆ ಯಾರ್ ಕೈಲಾಗೈತೆ?" ಅಂತ ನಾನು ಕಾಲೇಜು ಸೇರಿದಾಗ ಅಬ್ಬಿಗೆರೆ ಊರಿಗೆಲ್ಲ ಸಾರಿದವಳು ನನ್ನ ಸೋದರತ್ತೆ. ಉಪಗ್ರಹದ ಜೊತೆ ಜಗಳಕ್ಕೆ ನಿಂತ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮಪ್ಪನ ಸ್ವಂತ ಅಕ್ಕ!

ನನ್ನ ಕೊನೆ ವರ್ಷದ ಪ್ರಾಜೆಕ್ಟು ಮಣ್ಣಿನ ಸವಕಳಿ. ಚಿಕ್ಕಬಾಣಾವರದ ಕಡೆ ಅತ್ತೆಗೊಂದು ಇಳಿಜಾರು ಹೊಲವಿದೆ. ಮಳೆಗೆ ಅಲ್ಲಿ ಎಲ್ಲೆಲ್ಲಿ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡಬೇಕು, ತಡೆಯುವ ದಾರಿ ಹೇಳಬೇಕು. ಅದು ಪಾಸಾದರೇ ಡಿಗ್ರಿ. ಬಾಯಿ ತಪ್ಪಿ ಅತ್ತೆಗೂ ಹೇಳಿಬಿಟ್ಟೆ.

"ಮ್ಯಾಲಿಂದ ನನ್ನೊಲ ನೋಡ್ತಾರಾ? ಇವತ್ ನೋಡ್ತಾರೆ, ನಾಳೆ ಸೈಟ್ ಮಾಡ್ತೀವಿ ಅಂತ ಬರ್ತಾರೆ!"

ನಾನು ಮರೆತೆ. ಅವಳು ಮರೆಯಲಿಲ್ಲ. ಹೊಸ ಚಿತ್ರ ಬಂದ ದಿನ ಗೈಡ್ ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಮ್ಮ ಇದು? ಇಲ್ಲಿ ಕೆರೆ ಯಾವಾಗ ಬಂತು?"

ಬಗ್ಗಿ ನೋಡಿದೆ. ಹೊಲ ಇರಬೇಕಾದ ಜಾಗದಲ್ಲಿ ನೀಲಿ! ಬೆಂಗಳೂರಲ್ಲಿ ಕೆರೆ ಸೈಟಾಗುವುದನ್ನು ಕಂಡಿದ್ದೇವೆ. ಹೊಲ ಕೆರೆಯಾಗುವುದು ಎಲ್ಲಾದರೂ ಉಂಟೇ? "ಇದು ಸರಿಹೋಗ್ದೆ ಪಾಸ್ ಮಾಡೋಕಾಗಲ್ಲಮ್ಮ" ಎಂದರು ಸರ್.

ಹೊಲಕ್ಕೆ ಓಡಿದೆ. ಇಳಿಜಾರಿನ ತುಂಬ ನೀಲಿ ಟಾರ್ಪಾಲು! ಶಾಮಿಯಾನದವನಿಂದ ಹಿಡಿದು ಮರಳು ಲಾರಿಯವನವರೆಗೆ ಎಲ್ಲರನ್ನೂ ಕಾಡಿ ಬೇಡಿ ತಂದು, ಅಂಚಿಗೆಲ್ಲ ಕಲ್ಲು ಹೇರಿ, ನಟ್ಟನಡುವೆ ಅತ್ತೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಾಳೆ.

"ಈಗ್ ನೋಡ್ಲಿ, ಅದ್ ಎಂಗ್ ನೋಡ್ತೈತೋ!"

ಟಾರ್ಪಾಲಿನ ಮೇಲೇ ಕೂತು ಲ್ಯಾಪ್‌ಟಾಪ್ ಬಿಚ್ಚಿದೆ. ಹಿಂದಿನ ವರ್ಷಗಳ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದೆ. ಕೆಳಗಿನ ಹಳ್ಳದಲ್ಲಿ ಶುರುವಾದ ಕೊರಕಲು ಹತ್ತಿ ಹತ್ತಿ ಅವಳ ಹುಣಸೆಮರದ ಬುಡಕ್ಕೇ ಬಂದಿತ್ತು. ಅತ್ತೆಯ ದವಡೆ ಅಲ್ಲೇ ನಿಂತಿತು.

"ಅಯ್ಯಯ್ಯೋ! ನನ್ ಮಣ್ಣು ಕದ್ದೋನ್ ಯಾವನೇ?"

"ಮಳೆ, ಅತ್ತೆ."

"ಅದನ್ ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ? ಎತ್ತು ಟಾರ್ಪಾಲ!"

ಮುಂದಿನ ಸಲ ಉಪಗ್ರಹ ಹಾಯುವ ದಿನ ರೇಷ್ಮೆ ಸೀರೆ ಉಟ್ಟು ಹೊಲದಲ್ಲಿ ನಿಂತಿದ್ದಳು!

"ಅತ್ತೆ, ಅದಕ್ಕೆ ಮನುಷ್ಯರು ಕಾಣಲ್ಲ."

"ಮನುಸ್ರೇ ಕಾಣ್ದಿದ್ಮೇಲೆ ಅಷ್ಟೆತ್ತರಕ್ಕೆ ಯಾಕೇ ಹೋಯ್ತು?"

ನಕ್ಷೆಯ ಗೆರೆ ಹಿಡಿದು ಅವಳೇ ಮುಂದೆ ನಿಂತು ಕಲ್ಲಿನ ಬದು ಹಾಕಿಸಿದಳು, ಬೇರಿನಿಂದ ಮಣ್ಣು ಹಿಡಿಯುವ ಲಾವಂಚದ ಹುಲ್ಲು ನೆಡಿಸಿದಳು. ಮಳೆಗಾಲ ಹೊಯ್ದು ಹೋಯಿತು. ಆಮೇಲೆ ಬಂದ ಚಿತ್ರದಲ್ಲಿ ಕೊರಕಲು ಮೇಲಕ್ಕೆ ಹತ್ತದೆ ಇದ್ದಲ್ಲೇ ನಿಂತಿತ್ತು! ಗೈಡ್ ಸರ್ ಸಹಿ ಹಾಕಿದರು. ನಮ್ಮ ಮನೆತನದ ಮೊದಲ ಡಿಗ್ರಿ.

ಸರ್ಟಿಫಿಕೇಟ್ ಬಂದ ದಿನ ಅದನ್ನು ಅತ್ತೆಯ ಕೈಗೇ ಕೊಟ್ಟೆ. ಅಂಗೈ ಮೇಲಿಟ್ಟು ತೂಗಿ ನೋಡಿದಳು. ಮುಖ ಎತ್ತಿದಾಗ ಕಣ್ಣು ತುಂಬಿತ್ತು.

"ಇಷ್ಟು ಅಗುರಾನಾ? ಇದಕ್ಕೇನೇ ನೀನು ಇಂಗ್ ಸೊರಗಿದ್ದು? ಬಾ, ಉಣ್ಣು ಮೊದ್ಲು."