ಮಾಮಾನಿಗೆ ಬಗೆಹರಿಯದ ಎರಡಕ್ಷರ

ಈ ಜಗತ್ತಿನಲ್ಲಿ ನಮ್ಮ ಮಾಮಾನಿಗೆ ಗೊತ್ತಿಲ್ಲದ ಭಾಷೆ ಒಂದೂ ಇರಲಿಲ್ಲ. ಯಾವುದನ್ನೂ ಮಾತಾಡಲು ಬರುತ್ತಿರಲಿಲ್ಲ, ಅಷ್ಟೇ!

ಎಪ್ಪತ್ತರ ದಶಕದ ಕೊನೆಯ ಮಾತು. ವಾರಪತ್ರಿಕೆ ಬಂದ ದಿನ ಬೆಳಗಾವಿಯ ಅನಗೋಳದ ಅವನ ಮನೆಯಲ್ಲಿ, ಪದಬಂಧ ತುಂಬಿ ಮುಗಿಯುವ ತನಕ, ನಾವ್ಯಾರೂ ಕೆಮ್ಮುವಂತಿರಲಿಲ್ಲ. ಒಮ್ಮೆ, ದೂರದ ದ್ರಾವಿಡ ಭಾಷೆಯೊಂದರ ಸುಳಿವಿಗೆ ಉತ್ತರ ಹೊಳೆದು, ಕೈಯಲ್ಲಿದ್ದ ರೊಟ್ಟಿ ಬಿಟ್ಟು ಕೂಗಿದ: "ಸಿಕ್ಕಳು! ಬ್ರಾಹುಯಿ! ನಮ್ಮ ಕನ್ನಡದ ತಂಗಿ, ಬಲೂಚಿಸ್ತಾನದಾಗ ಅದಾಳ!"

ಮಾಮಿ ಸೌಟು ಹಿಡಿದೇ ಹೊರಬಂದಳು. "ಯಾವ ಬಾಯಿರೀ ಆಕಿ? ಅಷ್ಟ ದೂರ ಏನ್ ಮಾಡಾಕ ಹೋಗ್ಯಾಳ?"

ಇನ್ನೊಮ್ಮೆ, ‘ಹೆಚ್ಚಿದರೆ ಕಣ್ಣೀರು, ಮೂರಕ್ಷರ’ ಎಂಬ ಸುಳಿವು. ಈರುಳ್ಳಿ ಎಂದು ಬರೆದರೆ ಮುಗಿಯಿತಲ್ಲ? "ನಮ್ಮ ಮನ್ಯಾಗ ಯಾರರೆ ಈರುಳ್ಳಿ ಅಂತಾರೇನು? ಉಳ್ಳಾಗಡ್ಡಿ!" ಎಂದ. ಅದಕ್ಕೆ ನಾಲ್ಕು ಚೌಕ ಬೇಕು. ಮಾಮಾ ಪಟ್ಟಿ ಹಿಡಿದು, ಪಕ್ಕದ ಹಲ್ಲುಪುಡಿಯ ಜಾಹೀರಾತಿನ ಮೇಲೆ ಇನ್ನೊಂದು ಚೌಕ ಎಳೆದೇಬಿಟ್ಟ. ಅಲ್ಲಿ ನಗುತ್ತಿದ್ದ ಹೆಂಗಸಿನ ಮುಂದಿನ ಹಲ್ಲೆರಡೂ ಹೋದವು!

ಇಂಥ ಪಂಡಿತ ಹೆಂಡತಿಯ ತವರಿನ ಮಾತನ್ನು ಮಾತ್ರ ಕಲಿತಿರಲಿಲ್ಲ. ಮಾಮಿ ಖಾನಾಪುರದಾಚೆ ಜಾಂಬೋಟಿಯ ಕಡೆಯವಳು, ಮನೆಮಾತು ಕೊಂಕಣಿ. ನಮ್ಮಲ್ಲಿಗೆ ಬಂದ ಮೇಲೆ ನಮ್ಮಂತೆಯೇ ಮಾತಾಡಿದಳು. ತವರಿನವರು ಬಂದು ಹರಟುವಾಗ ಮಾಮಾನ ತಲೆ ಬಲೂಚಿಸ್ತಾನದಲ್ಲಿರುತ್ತಿತ್ತು.

ಒಂದು ಮಳೆಗಾಲ ಮಾಮಿಗೆ ಟೈಫಾಯ್ಡ್ ಆಯಿತು. ಡಾಕ್ಟರ ಮುಖವೂ ಸಪ್ಪಗಿತ್ತು. ಜ್ವರ ನೆತ್ತಿಗೇರಿ ಅವಳಿಗೆ ಕನ್ನಡವೇ ಮರೆತುಹೋಯಿತು. ಮಾಮಾನನ್ನೇ ನೋಡುತ್ತ ಒಂದೇ ಸಮನೆ, "ತೂ ಜಾಯ್, ತೂ ಜಾಯ್" ಅನ್ನತೊಡಗಿದಳು.

ಬೆಳಗಾವಿಯಲ್ಲಿ ಮರಾಠಿ ತಿಳಿಯದವರು ಯಾರು? "ತೂ ಅಂದ್ರ ನೀ, ಜಾ ಅಂದ್ರ ಹೋಗು. ನನ್ನ ಮಾರಿ ಬ್ಯಾಡಾಗೈತಿ ಆಕಿಗೆ" ಎಂದು ಮಾಮಾ ತಲೆ ತಗ್ಗಿಸಿ ಪಡಸಾಲೆಗೆ ಬಂದ. ಅವಳು ಇನ್ನೂ ಜೋರಾಗಿ ಕೂಗಿದಳು. ಇವನು ಹೊರಗಿನ ಕಟ್ಟೆಗೆ ಹೋದ. ಮತ್ತೂ ಕೂಗಿದಳು. ಇವನು ಕೊಡೆ ಬಿಚ್ಚಿ ಓಣಿಗಿಳಿದ. ಅವಳು ಕೂಗಿದಷ್ಟೂ ಈ ಪುಣ್ಯಾತ್ಮ ದೂರ!

ಅಷ್ಟರಲ್ಲಿ ಸುದ್ದಿ ತಿಳಿದು ಜಾಂಬೋಟಿಯಿಂದ ಮಾಮಿಯ ತಂಗಿ ಬಂದಳು.

"ಭಾವೋಜಿ, ಮಳ್ಯಾಗ ಇಲ್ಯಾಕ ನಿಂತೀರಿ?"

"ನಿಮ್ಮಕ್ಕ ಹೋಗು ಅಂತಾಳವ್ವಾ. ಜಾಯ್, ಜಾಯ್ ಅಂತ ಒಂದ ಸವನ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯ, ನಮ್ಮ ಮಾತಿನ್ಯಾಗ ಜಾಯ್ ಅಂದ್ರ ‘ಬೇಕು’ ರೀ! ನೀವು ಬೇಕು ಅಂತ ಕರ್ಯಾಕತ್ತಾಳ!"

ಮಾಮಾ ಕೊಡೆಯನ್ನು ಓಣಿಯಲ್ಲೇ ಬಿಟ್ಟು ಮಳೆಯಲ್ಲೇ ಒಳಗೆ ಓಡಿದ. ನಾವು ಅವನು ಓಡಿದ್ದನ್ನು ಕಂಡದ್ದು ಅದೊಂದೇ ಸಲ. ಹಾಸಿಗೆಯ ಪಕ್ಕ ನೆಲದ ಮೇಲೆಯೇ ಕೂತು, "ಇಲ್ಲೇ ಅದೀನಿ ನೋಡ" ಎಂದ. ಜ್ವರ ಇಳಿಯಲು ಇನ್ನೂ ವಾರ ಹಿಡಿಯಿತು. ಕೂಗು ಮಾತ್ರ ಆ ಗಳಿಗೆಗೇ ನಿಂತಿತು. ಮಾಮಿ ಕಣ್ಣು ತೆರೆದು ಅವನನ್ನು ನೋಡಿದಳು. ಆಮೇಲೆ ಜ್ವರಕ್ಕೆ ಕಾದ ಕೈಯಿಂದ ಸೆರಗು ಎಳೆದುಕೊಂಡು, ಅವನ ತಲೆಯಿಂದ ಇಳಿಯುತ್ತಿದ್ದ ಮಳೆನೀರನ್ನು ಮೆಲ್ಲಗೆ ಒರೆಸಿದಳು.