ಮರಳಿ ಬಾರದ ಸೀಮೆಗೆ ಗಾಡಿದಾರಿ

ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ಇಲ್ಲದ ರಾಜ್ಯದ ಕಥೆ ಬರೆಯುವವನು ಬೈಲಹೊಂಗಲದಲ್ಲಿ ಇರಬಾರದು; ಇದ್ದರೂ ಅದರ ನಕ್ಷೆಯನ್ನು ನಾಲ್ಕು ಜನರೆದುರು ಬಿಚ್ಚಬಾರದು. ನಾನು ಮೂರು ವರ್ಷ ಕೂತು ಬರೆದ ಮಕ್ಕಳ ಕಾದಂಬರಿಯನ್ನು ಧಾರವಾಡದ ಪ್ರಕಾಶಕರು ಒಪ್ಪಿದ್ದರು. "ಸೋಮವಾರದೊಳಗ ನಕಾಶಿ ಬರಬೇಕು. ಇಲ್ಲಂದ್ರ ಪುಸ್ತಕ ಈ ವರ್ಷ ಇಲ್ಲ" ಎಂದೂ ಹೇಳಿದ್ದರು.

ಬಸ್ಸಿನಲ್ಲಿ

ನಾನು ನೇಸರಗಿಯ ಶಾಲೆಯಲ್ಲಿ ಚಿತ್ರಕಲೆ ಮಾಸ್ತರ. ಒಂದು ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕ ಖುಷಿಗೆ ತೊಡೆಯ ಮೇಲೆ ನಕ್ಷೆ ಹರವಿದೆ. ಪಕ್ಕದ ರೈತರು ಬಗ್ಗಿ ನೋಡಿದರು.

"ಯಾ ಊರಿನ ನಕಾಶಿರಿ, ಮಾಸ್ತರ?"

"ಇಲ್ಲದ ಊರಿಂದ್ರಿ ಕಾಕಾ. ಕಥಿಗೆ."

"ಇದ್ದ ಹೊಲದ ನಕಾಶಿ ಸಲುವಾಗಿ ನಾ ವರ್ಷದಿಂದ ಅಡ್ಡಾಡಾಕತ್ತೇನಿ. ಇಲ್ಲದ ಊರಿಂದು ನಿಮಗ ಕೊಟ್ಟ ಸಾಹೇಬ ಯಾರ್ರಿ? ನನಗೂ ಒಂದೀಟು ಹೇಳ್ರಿ."

ಊರು ಬರುವವರೆಗೂ ಬಿಡಿಸಿ ಹೇಳಿದೆ. "ಹೇಳಾಕ ಮನಸಿಲ್ಲಂದ್ರ ಬ್ಯಾಡ ಬಿಡ್ರಿ" ಎಂದು ಮುಖ ತಿರುಗಿಸಿ ಇಳಿದುಹೋದರು.

ಸರ್ವೇಯರರು

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಸರ್ವೇಯರರಿದ್ದಾರೆ. ನಾನು ಕಟ್ಟೆಯ ಮೇಲೆ ಕೂತು ನಕ್ಷೆ ಬಿಡಿಸುತ್ತಿದ್ದಾಗ ಬಂದು, ಅದರ ಮೂಲೆಯಲ್ಲಿ ಖಾಲಿ ಬಿಟ್ಟಿದ್ದ 'ಮರಳಿ ಬಾರದ ಸೀಮೆ'ಯ ಮೇಲೆ ಬೆರಳಿಟ್ಟರು.

"ಇದಕ್ಕ ದಾರಿ ಎಲ್ಲೈತ್ರಿ?"

"ದಾರಿ ಇಲ್ರಿ. ಅಲ್ಲಿ ಬರೇ ಒಬ್ಬ ರಾಕ್ಷಸ ಇರ್ತಾನ. ಹಾರಿ ಹೋಗ್ತಾನ."

"ಅಂವ ಹಾರ್ತಾನ, ಒಪ್ಪಿದೆ. ಅವನ ಎತ್ತು?"

ನಾನು ಬಾಯಿ ತೆರೆಯುವುದರೊಳಗೆ ಕಿಸೆಯಿಂದ ಪೆನ್ಸಿಲ್ ತೆಗೆದು ಗೆರೆ ಎಳೆದೇಬಿಟ್ಟರು. ನನ್ನ ಕಥಾನಾಯಕ ಹನ್ನೆರಡು ಅಧ್ಯಾಯ ಒದ್ದಾಡಿ ದಾಟುವ ಪರ್ವತದ ನಡುವೆ ಈಗ ಎರಡು ಗಾಡಿ ಎದುರುಬದುರು ಹೋಗುವಷ್ಟು ದಾರಿ!

ಅಕ್ಕ

ಆ ಗೆರೆ ಅಳಿಸುತ್ತಿದ್ದಾಗ ರಾಮದುರ್ಗದಿಂದ ಅಕ್ಕ ಬಂದಳು. ಸೀಮೆಯ ಹೆಸರು ಓದಿ ಹೌಹಾರಿದಳು.

"ಮರಳಿ ಬಾರದ ಸೀಮೆ? ಪಂಚಮಿಗೆ ತಂಗಿನ್ನ ಕರಿಯಾಕ ಹೋದ ಅಣ್ಣನೂ ಹೊಳ್ಳಿ ಬರಂಗಿಲ್ಲೇನು? ಇಂಥಾ ಊರಿಗೆ ಹೆಣ್ಣು ಯಾರು ಕೊಡ್ತಾರೋ?"

"ಅಲ್ಲಿ ಮಂದೀನ ಇಲ್ಲಕ್ಕಾ."

"ಹೆಣ್ಣು ಕೊಡಲಿಲ್ಲಂದ್ರ ಮಂದಿ ಹೆಂಗ ಇರ್ತಾರ?"

ಅವ್ವ

ಭಾನುವಾರ ನಕ್ಷೆ ಮುಗಿಯಿತು. ಲಕೋಟೆ ತರಲು ಹೋಗಿ ಬರುವಷ್ಟರಲ್ಲಿ ಅವ್ವ ಅದಕ್ಕೆ ಪೂಜೆ ಮಾಡಿದ್ದಳು. ಖಾಲಿ ಸೀಮೆಯ ನಟ್ಟನಡುವೆ ಹಸಿ ಅರಿಷಿಣ, ಅದರ ಮೇಲೆ ಕುಂಕುಮ.

"ಅವ್ವಾ, ಏನ ಮಾಡಿದಿ!"

"ಅಲ್ಲೇ ಒಂದೀಟು ಜಾಗ ಇತ್ತಪಾ. ಬ್ಯಾರೆ ಕಡೆ ಹಚ್ಚಿದ್ರ ನಿನ್ನ ಅಕ್ಷರ ಕೆಡ್ತಿದ್ದವು."

ಅಳುವುದೊಂದು ಬಾಕಿ. ಮತ್ತೆ ಬರೆಯಲು ಹೊತ್ತಿರಲಿಲ್ಲ. ಸೋಮವಾರ ಅದನ್ನೇ ಹಿಡಿದು ಧಾರವಾಡದ ಬಸ್ಸು ಹತ್ತಿದೆ.

ಪ್ರಕಾಶಕರು ಬಹಳ ಹೊತ್ತು ನೋಡಿದರು.

"ಉಳದದ್ದೆಲ್ಲಾ ಎಲ್ಲೋ ನೋಡಿದಂಗ ಐತಿ ಮಾಸ್ತರ. ಆದ್ರ ಈ ಹಳದಿ ಮರಳು, ಅದರಾಗ ಕೆಂಪು ಗುಡ್ಡ! ಎಂಥಾ ಕಲ್ಪನಾರಿ! ಮುಖಪುಟಕ್ಕ ಇದನ್ನ ಹಾಕೂಣು. ಕಥ್ಯಾಗ ಈ ಗುಡ್ಡ ಬರಂಗ ಎರಡು ಅಧ್ಯಾಯ ಬರದು ಕೊಡ್ರಿ."

ನಾನು ಮೂರು ವರ್ಷ ತಲೆ ಕೆರೆದುಕೊಂಡಿದ್ದೆ. ಅವ್ವನಿಗೆ ಎರಡು ಬೆರಳು ಸಾಕಾಯಿತು. ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಕುಂಕುಮ ಬಿತ್ತಂದ್ರ ಮುಗೀತು. ಇನ್ನ ಆ ಊರಿಗೆ ಹೆಣ್ಣು ಕೊಡಾಕ ಅಡ್ಡಿ ಇಲ್ಲ" ಎಂದಳು.

ಅವಳ ದನಿ ಓಣಿಗೆಲ್ಲ ಕೇಳುವಂಥದ್ದು. ಎದುರುಮನೆಯಿಂದ ಸರ್ವೇಯರರು ಎದ್ದು ಬಂದರು.

"ಬೀಗರು ಬರೋರು ಅಂದ ಮ್ಯಾಲೆ ಗಾಡಿದಾರಿ ಬೇಕಾತಲ್ರಿ, ಮಾಸ್ತರ" ಎನ್ನುತ್ತ ಕಿಸೆಯಿಂದ ಪೆನ್ಸಿಲ್ ತೆಗೆದರು.