ಅತ್ತೆಯ ಒಪ್ಪಾರಿಯಲ್ಲಿ ಮಾವನಿಗೆ ಜಾಗವಿಲ್ಲ

ನಮ್ಮ ಅತ್ತೆ ನನ್ನನ್ನು ಈವರೆಗೆ ಮೂರು ಸಲ ಸಾಯಿಸಿದ್ದಾರೆ. ಗಾಬರಿಯಾಗಬೇಡಿ, ಮೂರು ಸಲವೂ ನಾನು ಆರೋಗ್ಯವಾಗಿದ್ದೆ. ಮೊದಲ ಸಲ ದಿಂಡಿಗಲ್ಲಿನ ಕಾಲೇಜಿಗೆ ಸೇರಿದಾಗ, ಎರಡನೆಯ ಸಲ ನನ್ನ ಮದುವೆಯಲ್ಲಿ, ಮೂರನೆಯ ಸಲ ಹೊಸ ಸ್ಕೂಟರ್ ತಂದಾಗ. ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಸ್ಕೂಟರಿನ ಸಾವು.

ವಿಷಯ ಇಷ್ಟೆ. ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಕವಿ. ಆದರೆ ಅವರಿಗೆ ಬರುವ ರಾಗ ಒಂದೇ, ಒಪ್ಪಾರಿಯದು. ಸತ್ತವರ ಸುತ್ತ ಹೆಂಗಸರು ಕೂತು ಹಾಡಿಕೊಂಡು ಅಳುತ್ತಾರಲ್ಲ, ಅದು. ನಮ್ಮ ಮಾರ್ಕಯನ್‌ಕೋಟ್ಟೈಯಲ್ಲಿ ಊರೆಲ್ಲ ತಮಿಳಿನಲ್ಲಿ ಅಳುವಾಗ, ನಾವು ಕೆಲವು ಮನೆಗಳವರು ಎಷ್ಟೋ ತಲೆಮಾರಿನ ಹಿಂದೆ ಹೊತ್ತು ತಂದ ಕನ್ನಡದಲ್ಲಿ ಅಳುತ್ತೇವೆ. ಅತ್ತೆ ಇದನ್ನು ತಮ್ಮ ಅಜ್ಜಿಯಿಂದ ಕಲಿತರು. ಲಾಲಿಹಾಡು ಕಲಿಸುವ ಮೊದಲೇ ಅಜ್ಜಿ ತೀರಿಕೊಂಡರು. ಹಾಗಾಗಿ ಅತ್ತೆಯ ಒಳಗಿನ ಸಂತೋಷವೋ ಹೆಮ್ಮೆಯೋ ಹೊರಗೆ ಬರಬೇಕಾದರೆ ಮೊದಲು ಹಾಡಿನಲ್ಲಿ ಯಾರಾದರೂ ಸಾಯಬೇಕು! ಹಾಡಿನ ಮಾತೆಲ್ಲ ಅತ್ತೆಯದೇ. ಪ್ರತಿ ನುಡಿಯ ಕೊನೆಗೆ ಮಾತ್ರ ಅಜ್ಜಿಯ ಸಾಲು: "ಬಿಟ್ಟು ಹೋದ್ಯಲ್ಲಾ."

ಸ್ಕೂಟರಿನ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ನಾನು ಹತ್ತಿ ಕೂತಿದ್ದೇನೆ. ಅತ್ತೆ ನನ್ನ ಕೈ ಹಿಡಿದು ಶುರುಮಾಡಿದರು.

"ಕೆಂಪು ವಂಡಿ ತಂದ್ಯಲ್ಲಾ ನನ್ ರಾಸಾ, ಹಿಂದೆ ಅತ್ತೇನ ಕೂರಿಸ್ಕೊಳ್ದೆ ಬಿಟ್ಟು ಹೋದ್ಯಲ್ಲಾ..."

"ಅತ್ತೆ, ನಾನು ಇಲ್ಲೇ ಇದ್ದೀನಿ!"

"ಗೊತ್ತು ಕಣ್ಲಾ. ಸುಮ್ಕಿರು. ಸತ್ತೋರು ಮಾತಾಡ್ಬಾರ್ದು."

ಎದುರುಮನೆಯವರ ನೀರಿನ ಮೋಟಾರು ಸುಟ್ಟುಹೋದಾಗ ಅತ್ತೆ ಅದಕ್ಕೂ ಹಾಡಿದರು. ಒಂದಕ್ಷರ ಕನ್ನಡ ಬಾರದ ಆ ಮನೆಯಾಕೆ ಮೋಟಾರನ್ನು ತಬ್ಬಿಕೊಂಡು ಅತ್ತಿದ್ದನ್ನು ನಾನೇ ನೋಡಿದ್ದೇನೆ. ರಿಪೇರಿಯವನು ಬಂದವನು ಮರ್ಯಾದೆಗೆ ಚಪ್ಪಲಿ ಬಿಟ್ಟು ನಿಂತಿದ್ದ.

ಹೆಸರು ಹಬ್ಬಿತು. ಬತ್ತಲಗುಂಡಿನಿಂದ ವೀಳ್ಯದೆಲೆ ವ್ಯಾಪಾರಿಯೊಬ್ಬರು, ಸತ್ತ ಮೇಲೆ ತಮ್ಮ ಹಾಡು ತಮಗೆ ಕೇಳಿಸುವುದಿಲ್ಲವಲ್ಲ ಎಂಬ ನ್ಯಾಯವಾದ ಚಿಂತೆಯಿಂದ, ಹೆಂಡತಿಯನ್ನು ಕರೆದುಕೊಂಡು ಬಂದರು. ಅತ್ತೆ ಸುಮ್ಮನೆ ಹಾಡುವವರಲ್ಲ. ಎದುರಿಗೆ ಕೂರಿಸಿ ವಿಚಾರಿಸುತ್ತಾರೆ. ಏನು ತಿಂದಿರಿ, ಯಾರ ಜೊತೆ ಜಗಳವಾಡಿದಿರಿ, ಯಾರನ್ನು ನೆನೆದುಕೊಂಡಿರಿ?

"ಎಳೇ ಎಲೆ ಕಟ್ಟನ್ನ ಯಾರ್ಗಾದ್ರೂ ಸುಮ್ನೆ ಕೊಟ್ಟಿದ್ದೀರಾ?" ಎಂದು ಅತ್ತೆ ಕೇಳಿದರು.

ವ್ಯಾಪಾರಿ ಕಣ್ಣು ಮುಚ್ಚಿ, ಮುಗುಳ್ನಕ್ಕು, "ಪಳನಿಯಲ್ಲಿ ಒಬ್ಬಾಕೆಗೆ ಕೊಡ್ತಿದ್ದೆ. ವಾರವಾರ" ಅಂದರು.

ಹೆಂಡತಿ ಎದ್ದು ನಿಂತಳು. ವ್ಯಾಪಾರಿಗೆ ನಿಜವಾದ ಒಪ್ಪಾರಿಯ ಅವಶ್ಯಕತೆ ಅಂದೇ ಬೀಳುವಂತಿತ್ತು!

ಇಷ್ಟೆಲ್ಲದರ ನಡುವೆ ಸೊರಗುತ್ತಿದ್ದವರು ಒಬ್ಬರೇ, ಅತ್ತೆಯ ಗಂಡ, ನಮ್ಮ ಮಾವ. ಅವರ ಮೇಲೆ ಒಂದು ನುಡಿಯೂ ಇರಲಿಲ್ಲ. ಮಧ್ಯಾಹ್ನ ಉಂಡು ಜಗಲಿಯ ಮೇಲೆ ಉದ್ದಕ್ಕೆ ಮಲಗಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, "ಹೂಂ, ಸುರು ಮಾಡು" ಅನ್ನುತ್ತಿದ್ದರು.

"ಏಳಿ, ಬಾಳೆಗೆ ನೀರು ಬಿಡ್ಬೇಕು."

"ಸತ್ತ ಎಮ್ಮೆಗೂ ಹಾಡ್ದೆ. ನಂಗ್ಯಾಕಿಲ್ಲ?"

"ಎಮ್ಮೆ ಹಾಲು ಕೊಡ್ತಿತ್ತು."

"ನಾನು ಬಾವಿ ತೋಡ್ಸಿದ್ನಲ್ಲೇ! ಅದ ಸೇರ್ಸು."

"ಅದ್ರಾಗೆ ನೀರೇ ಬರ್ಲಿಲ್ವಲ್ಲ."

"ಅದಕ್ಕೇ ಅಂದೆ. ಅಳಾಕೆ ಚೆಂದಾಗಿರ್ತೈತೆ."

ಅತ್ತೆ ಒಳಗೆ ಹೋಗಿಬಿಡುತ್ತಿದ್ದರು. ಮಾವ ನನ್ನ ಕಡೆ ತಿರುಗಿ, "ಊರಿಗೆಲ್ಲಾ ಪಾಟ್ಟು ಹಾಡ್ತಾಳೆ. ಕಟ್ಕೊಂಡೋನಿಗೆ ಒಂದು ಸಾಲಿಲ್ಲ. ಹಂಗಂದ್ರೆ ಏನ್ಲಾ ಅರ್ಥ?" ಎಂದು ಕೇಳುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು. ಆದರೆ ಬರಬರುತ್ತಾ ಆ ನಗುವಿನಲ್ಲಿ ನಗು ಕಡಿಮೆಯಾಯಿತು.

ಇಲ್ಲಿಂದ ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು.

ಕಳೆದ ವರ್ಷ ಮಾವನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರು, ಕೊಯ್ದು ನೋಡದೆ ಏನೂ ಹೇಳಲಾಗದು ಎಂದರು. ಆಪರೇಷನ್ನಿನ ಬೆಳಗ್ಗೆ ಮಾವನಿಗೆ ಹಸಿರು ನಿಲುವಂಗಿ ತೊಡಿಸಿದ್ದರು. ಅದು ಮೊಣಕಾಲಿನವರೆಗೂ ಬರುತ್ತಿರಲಿಲ್ಲ. ಬೆರಳಿನ ಉಂಗುರವನ್ನು ಅತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು.

"ಈಗಾದ್ರೂ ಹಾಡೇ. ಕೇಳಿ ಹೋತೀನಿ" ಅಂದರು ಮಾವ.

ಅತ್ತೆ ಅದೇ ರಾಗ ಎತ್ತಿದರು. ಆ ರಾಗ ಗೊತ್ತಿದ್ದ ಸುತ್ತಲಿನ ತಮಿಳು ಹೆಂಗಸರು ಕೂಡಲೇ ಹತ್ತಿರ ಸರಿದು, ಸೆರಗು ಕಣ್ಣಿಗೆ ತಂದು ಸಿದ್ಧರಾದರು.

"ಹೊತ್ತಾರೆ ಎದ್ಯಲ್ಲಾ, ಬಾಳೆಗೆ ನೀರು ಬಿಟ್ಯಲ್ಲಾ,
ಒರೆಸಿದ ನೆಲದ ಮ್ಯಾಲೆ ಕೆಸರುಗಾಲು ಇಟ್ಯಲ್ಲಾ,
ಬೈದ್ರೆ ನಕ್ಕ್ಯಲ್ಲಾ, ಮೀಸೆಗೂ ಮಜ್ಜಿಗೆ ಕುಡಿಸ್ದ್ಯಲ್ಲಾ,
ಮತ್ತೆ ಹೊತ್ತಾರೆ ಎದ್ಯಲ್ಲಾ..."

ಅಜ್ಜಿಯ "ಬಿಟ್ಟು ಹೋದ್ಯಲ್ಲಾ" ಸಾಲು ಬರಬೇಕಾದ ಜಾಗ ಬಂತು. ಅತ್ತೆ ಅದನ್ನು ದಾಟಿ ಮಾರನೆಯ ಬೆಳಗ್ಗೆಗೆ ಹೋದರು. ಮತ್ತೆ ನೀರು, ಮತ್ತೆ ಕೆಸರು, ಮತ್ತೆ ಬೈಗುಳ. ಮತ್ತೊಂದು ಬೆಳಗ್ಗೆ. ಪಕ್ಕದ ಮಂಚದಾಕೆ ಸೆರಗು ಹಿಡಿದೇ ನನ್ನನ್ನು ಮೆಲ್ಲಗೆ ಕೇಳಿದಳು: "ತಂಬಿ, ಅಳೋದು ಯಾವಾಗ?"

ಟ್ರಾಲಿ ತಳ್ಳುವವರು ಬಂದರು. ಅತ್ತೆ ಹಾಡುತ್ತಲೇ ಪಕ್ಕದಲ್ಲಿ ನಡೆದರು. ಬಾಗಿಲು ಮುಚ್ಚಿಕೊಂಡಾಗಲೂ ಹಾಡಿನಲ್ಲಿ ಮಾವ ಬಾಳೆತೋಟದಲ್ಲೇ ಇದ್ದರು.

ಗಡ್ಡೆ ಕೆಟ್ಟದ್ದಾಗಿರಲಿಲ್ಲ. ಸಂಜೆಗೆ ಮಾವ ಕಣ್ಣು ಬಿಟ್ಟರು. ಎಲ್ಲಿದ್ದೇನೆ ಎಂದು ಕೇಳಲಿಲ್ಲ, ನೀರು ಕೇಳಲಿಲ್ಲ. ಮತ್ತಿನಲ್ಲಿಯೂ ಆ ಹಾಡನ್ನೇ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

"ಏಯ್... ಆ ಹಾಡ್ನಾಗೆ ನಾನು ಸಾಯ್ಲೇ ಇಲ್ಲವಲ್ಲೇ?"

ಅತ್ತೆ ಒದ್ದೆ ಹತ್ತಿಯಿಂದ ಅವರ ತುಟಿ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ವರ್ಸದಿಂದ ಕಟ್ಟಿ ನೋಡ್ತಿದ್ದೀನಿ. ಆ ಸಾಲು ನಿಮ್ಗೆ ಹೊಂದಾಕೇ ಇಲ್ಲ."